ಸೊಸೆಯ ಬೆನ್ನು ಹತ್ತಿ

ಸೊಸೆ ಅನು ಮುಂದಿನ ಬಾಗಿಲಲ್ಲಿ ಬಸ್ಸು ಹತ್ತಿದಳು. ಅತ್ತೆ ದ್ಯಾವಮ್ಮ ತಲೆ ತುಂಬ ಸೆರಗು ಹೊದ್ದು ಹಿಂದಿನ ಬಾಗಿಲಲ್ಲಿ ಹತ್ತಿದಳು. ಬೂಕನಕೆರೆಯ ಅರ್ಧ ಜನ ಆ ಬಸ್ಸಿನಲ್ಲಿದ್ದರು. ಎಲ್ಲರಿಗೂ ಗುರುತು ಸಿಕ್ಕಿತು, ಸೊಸೆಯೊಬ್ಬಳಿಗೆ ಮಾತ್ರ ಸಿಗಲಿಲ್ಲ. ಪತ್ತೇದಾರಿಕೆ ಎಂದರೆ ಹಾಗಿರಬೇಕು.

ಸೊಸೆ ದಾರಿ ತಪ್ಪಿದ್ದಾಳೆ ಎನ್ನುವುದರಲ್ಲಿ ದ್ಯಾವಮ್ಮನಿಗೆ ಅನುಮಾನವೇ ಉಳಿದಿರಲಿಲ್ಲ. ಹಿತ್ತಿಲಿಗೆ ಹೋಗುವುದಕ್ಕೂ ಹೇಳಿ ಹೋಗುತ್ತಿದ್ದವಳು ಈಚೆಗೆ ಡೈರಿಗೆ ಹಾಲು ಹಾಕಿ ಬಂದವಳೇ ತಲೆ ಬಾಚಿ, ಹೂ ಮುಡಿದು, ಎಲ್ಲಿಗೆಂದು ಹೇಳದೆ ಹೊರಡತೊಡಗಿದ್ದಳು. ಸಾಲದ್ದಕ್ಕೆ ಫೋನು. ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟುತ್ತಾಳೆ, ನಡುಮನೆಯಲ್ಲಿ ಕೂತವರಿಗೆ ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ.

"ಆತ್ರ ಬೀಳ್ಬ್ಯಾಡ. ಒಂದೇ ಸಲಕ್ಕೆ ಅಲ್ಲೀಗಂಟ ಆಗಕಿಲ್ಲ. ದಿನಾ ಒಂಚೂರು ಮುಂದುಕ್ ಬತ್ತೀನಿ, ಸರೀನಾ?"

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ದ್ಯಾವಮ್ಮ ಮಗ ಕುಮಾರನ ಮುಂದೆ ಎಲ್ಲವನ್ನೂ ಒದರಿದಳು. ಅವನು ಮುದ್ದೆ ಮುರಿಯುತ್ತ ಕೇಳಿಸಿಕೊಂಡ.

"ಸುಮ್ಸುಮ್ನೆ ಯೋಳ್ಬ್ಯಾಡ ಕನವ್ವ. ನೀನೇ ಕಣ್ಣಾರೆ ನೋಡ್ಕಂಡ್ ಬಾ, ಆಮ್ಯಾಕೆ ಮಾತಾಡುವ."

ಹೆಂಡತಿಯ ಬಗ್ಗೆ ಇಂಥ ಸುದ್ದಿ ಕೇಳಿಯೂ ಎರಡನೆಯ ಮುದ್ದೆ ಹಾಕಿಸಿಕೊಂಡವನನ್ನು ಹೆತ್ತದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ತೊಡಕಿದ್ದದ್ದು ಬಸ್ಸಿನದು. ದ್ಯಾವಮ್ಮನ ಎದೆ ಊರೊಳಗೆ ಬಹಳ ಗಟ್ಟಿ. ಹಸು ಕರೆದು, ಹುಲ್ಲಿನ ಹೊರೆ ಹೊತ್ತು, ಬೀದಿಯ ಜಗಳಕ್ಕೂ ಹೋಗಿ ಬರುತ್ತದೆ. ಊರು ದಾಟಿದ ಕೂಡಲೇ ಅದಕ್ಕೆ ಸಾವಿನ ಯೋಚನೆ. ಡವಡವ ಹೊಡೆದುಕೊಳ್ಳುತ್ತದೆ, ಕೈ ಜೋಮು ಹಿಡಿಯುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಡಾಕ್ಟರು ಇಸಿಜಿ ನೋಡಿ, ಹೃದಯ ಚೆನ್ನಾಗಿದೆ, ಇದು ಗಾಬರಿಯ ಕಾಯಿಲೆ, ಮನೆಯಲ್ಲೇ ಕೂತರೆ ಬೆಳೆಯುತ್ತದೆ ಎಂದಿದ್ದರು. ಆ ಡಾಕ್ಟರಿಗೆ ಕೈಗುಣವಿಲ್ಲ ಎಂದು ದ್ಯಾವಮ್ಮ ಊರಿಗೆಲ್ಲ ಹೇಳಿದಳು. ತನಗೆ ಗಾಬರಿಯೆ? ತನ್ನನ್ನು ಕಂಡು ಊರು ಗಾಬರಿಯಾಗುತ್ತದೆ.

ಆದರೂ ಆ ಕಾಯಿಲೆ ಅವಳ ಹೊಟ್ಟೆಗೇ ಬೆಂಕಿ ಇಟ್ಟಿತ್ತು. ಮಗಳು ರಂಜಿತಳನ್ನು ನಾಗಮಂಗಲಕ್ಕೆ ಕೊಟ್ಟಿತ್ತು. ಮದುವೆಯಾಗಿ ಇಷ್ಟು ದಿನವಾದರೂ ತಾಯಿ ಆ ಮನೆಯ ಹೊಸಿಲು ತುಳಿದವಳಲ್ಲ. ಬಸುರಿನಲ್ಲಿ ಪ್ರಯಾಣ ಕೂಡದೆಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ರಂಜಿತಳ ಹೆರಿಗೆಯೂ ಅಲ್ಲೇ ಆಯಿತು. ಬಾಣಂತನಕ್ಕೆಂದು ಕಾರಿನಲ್ಲಿ ಕೂತ ದ್ಯಾವಮ್ಮ ಚಿನಕುರಳಿ ಬರುವ ಮೊದಲೇ ಬಾಗಿಲು ಬಡಿದು ಇಳಿದು, ನಡೆದೇ ಮನೆಗೆ ಬಂದಳು. ಮೊಮ್ಮಗಳನ್ನು ನೋಡಿದ್ದು ಕುಮಾರನ ಫೋನಿನಲ್ಲಿ, ಅಷ್ಟೇ. ಯಾವಾಗ ಬರುತ್ತೀಯವ್ವ ಎಂದು ರಂಜಿತ ದಿನವೂ ಅಳುತ್ತಿದ್ದಳು. ಈಚೆಗೆ ಆ ಮಾತನ್ನೇ ಎತ್ತುತ್ತಿರಲಿಲ್ಲ. ಮಗಳು ತನ್ನ ಆಸೆಯನ್ನೇ ಬಿಟ್ಟಳೆಂದು ದ್ಯಾವಮ್ಮ ಕೊಟ್ಟಿಗೆಯಲ್ಲಿ ಕೂತು ಅತ್ತದ್ದುಂಟು.

ಸೊಸೆಯ ವಿಷಯ ಬೇರೆ. ಅದು ಮನೆಯ ಮಾನ. ಮಾನಕ್ಕಾಗಿ ಸಾಯಬಹುದು.

ಮೊದಲ ಸಲ ಹಿಂದೆ ಬಿದ್ದಾಗ ಅನು ಊರಾಚೆಯ ಸ್ಟಾಪಿನಲ್ಲೇ ಇಳಿದು, ಸುಮ್ಮನೆ ನಿಂತಿದ್ದು ವಾಪಸು ಬಂದಳು. ಆಮೇಲೆ ಚಿನಕುರಳಿ. ಅಲ್ಲಿ ದ್ಯಾವಮ್ಮನಿಗೆ ಕಣ್ಣು ಕತ್ತಲಿಟ್ಟು, ನಿಲ್ಲಿಸಪ್ಪ ಎಂದು ಇನ್ನೇನು ಕೂಗಬೇಕು, ಅಷ್ಟರಲ್ಲಿ ಅನುವೇ ಎದ್ದು ಇಳಿದಳು. ದೇವರು ದೊಡ್ಡವನು. ಅತ್ತೆ ಮರದ ಮರೆಯಲ್ಲಿ ಸುಧಾರಿಸಿಕೊಳ್ಳುವವರೆಗೂ ಸೊಸೆ ನಿಧಾನವಾಗಿ ಎಳನೀರು ಕುಡಿಯುತ್ತಿದ್ದಳು. ಇನ್ನೊಮ್ಮೆ ಪಾಂಡವಪುರದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಯಾರನ್ನೂ ಕಾಣದೆ ಮರಳಿದಳು. ಕಳ್ಳ ಸಿಗದಿದ್ದಷ್ಟೂ ದ್ಯಾವಮ್ಮನಿಗೆ ಹಠ ಹೆಚ್ಚಿತು.

ಇವತ್ತು ಅನು ಪಾಂಡವಪುರದಿಂದ ವಾಪಸಾಗಲಿಲ್ಲ. ಬೇರೆ ಬಸ್ಸು ಹತ್ತಿದಳು. ದ್ಯಾವಮ್ಮನಿಗೆ ಬೋರ್ಡು ಓದಲು ಬರುವುದಿಲ್ಲ; ಬಂದಿದ್ದರೂ ಓದುವಷ್ಟು ಪುರುಸೊತ್ತಿರಲಿಲ್ಲ. ಎಲ್ಲಿಗೆ ಎಂದ ಕಂಡಕ್ಟರಿಗೆ ಮುಂದುಗಡೆ ಕೂತ ಸೊಸೆಯ ಮುಡಿಯ ಮಲ್ಲಿಗೆಯ ಕಡೆ ಬೆರಳು ತೋರಿಸಿ, ಅವಳು ಇಳಿಯುವಲ್ಲಿಗೆ ಎಂದಳು. ಅವನು ಮರುಮಾತಿಲ್ಲದೆ ಬಿಟ್ಟಿ ಟಿಕೆಟ್ಟು ಹರಿದುಕೊಟ್ಟ. ಎಷ್ಟು ಮರ್ಯಾದಸ್ಥ!

ಜಕ್ಕನಹಳ್ಳಿ ದಾಟಿದ ಮೇಲೆ ಎದೆ ತನ್ನ ಆಟ ಶುರುಮಾಡಿತು. ಬೆವರಿನಲ್ಲಿ ರವಿಕೆ ತೊಯ್ದುಹೋಯಿತು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಮಲ್ಲಿಗೆಯನ್ನೇ ದುರುಗುಟ್ಟಿ ನೋಡುತ್ತ, ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ಹೊರಗೆ ಬಿಟ್ಟಳು. ಬೈಯುವುದಕ್ಕೆ ಉಸಿರು ಬೇಕಲ್ಲ, ಬಂತು. ಬೈಗುಳ ಮುಗಿಯುವ ಹೊತ್ತಿಗೆ ಎದೆಯೂ ಸುಸ್ತಾಗಿ ಸುಮ್ಮನಾಯಿತು. ಆ ಪುಣ್ಯವೂ ಸೊಸೆಗೇ ಸೇರಬೇಕಾಗಿತ್ತು, ಯಾರು ಹೇಳಬೇಕು?

ಬಸ್ಸು ಯಾವುದೋ ದೊಡ್ಡ ಊರಿನಲ್ಲಿ ನಿಂತಿತು. ಅನು ಇಳಿದು, ಎರಡು ಓಣಿ ತಿರುಗಿ, ಹಸಿರು ಬಣ್ಣದ ಮನೆಯೊಂದರ ಬಾಗಿಲನ್ನು ತಟ್ಟದೆಯೇ ತಳ್ಳಿ ಒಳಗೆ ಹೋದಳು. ಅಬ್ಬಾ, ಎಷ್ಟು ಬಳಕೆ! ದ್ಯಾವಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. ಇಬ್ಬರನ್ನೂ ಜುಟ್ಟು ಹಿಡಿದು ಬೀದಿಗೆಳೆಯುವುದೆಂದು ಒಂದೇ ಏಟಿಗೆ ಬಾಗಿಲು ನೂಕಿ ನುಗ್ಗಿದಳು.

ಒಳಗೆ ಸಾಂಬ್ರಾಣಿಯ ಹೊಗೆ. ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ. ರಂಜಿತ.

ದ್ಯಾವಮ್ಮ ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿದಳು. ರಂಜಿತ ಅವ್ವನನ್ನು ನೋಡುತ್ತ ಅಳುತ್ತಿದ್ದಳು, ಮಾತು ಮಾತ್ರ ಅತ್ತಿಗೆಗೆ.

"ನಿಜ್ವಾಗ್ಲೂ ಕರ್ಕಬಂದ್ಬುಟ್ಯಲ್ಲ ಅತ್ತಿಗೆ. ದಾರೀಲಿ ಎಲ್ಲೂ ಇಳ್ಕಬುಡ್ನಿಲ್ವ?"

"ಬನ್ನಿ ಅಂತ ಕರ್ದಿದ್ರೆ ಊರೇ ದಾಟ್ತಿರ್ನಿಲ್ಲ," ಎಂದಳು ಅನು, ಮಗುವನ್ನು ಎತ್ತಿ ಅತ್ತೆಯ ಕೈಗೆ ಕೊಡುತ್ತ. "ನನ್ ಮ್ಯಾಲೆ ಅನ್ಮಾನ ಒಂದ್ ಇದ್ಬುಟ್ರೆ ನಿಮ್ಮವ್ವ ಕಾಶಿಗ್ ಬೇಕಾದ್ರೂ ಬತ್ತಾರೆ."