ಪಥ್ಯದ ಗಂಜಿ

ಮಗಳ ಗಂಜಿ ಬಟ್ಟಲಿಗೆ ಕಮಲ ಬಂಗುಡೆಯ ತುಂಡೊಂದನ್ನು ಹಾಕಿದ್ದೇ ತಡ, ಅತ್ತೆ ಗುಲಾಬಿ ಅವಳ ಕೈ ಹಿಡಿದಳು. “ಎಂತ ಮಾಡ್ತಿ ಮಾರಾಯ್ತಿ? ದಡಾರ ಬಂದು ಎದ್ದ ಮಗುವಿಗೆ ಮೀನು ನಂಜು. ಪಥ್ಯ ಮುರಿಯಬೇಡ.”

ಚಾಪೆಯ ಮೇಲೆ ಸುಗುಣ ಮತ್ತೆ ಕೆಮ್ಮಿದಳು. ದಡಾರ ಇಳಿದು ತಿಂಗಳು ಕಳೆದರೂ ಅವಳಿಗೆ ಒಂದು ಬಿಟ್ಟರೆ ಇನ್ನೊಂದು ಕಾಯಿಲೆ. ಊರಿಗೆಲ್ಲ ಮೀನು ಮಾರುವ ಕಾಪುವಿನ ಆ ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ಬರೀ ಉಪ್ಪು ಗಂಜಿ.

“ಮಣಿಪಾಲದ ಡಾಕ್ಟ್ರೇ ಹೇಳಿದ್ದು ಅತ್ತೆ. ಬರೀ ಗಂಜಿ ಕುಡಿದರೆ ರೋಗ ತಡೆಯುವ ಶಕ್ತಿ ಎಲ್ಲಿಂದ ಬರಬೇಕು ಅಂತ ಕೇಳಿದರು. ಮೀನು, ಮೊಟ್ಟೆ, ಸೊಪ್ಪು ಎಲ್ಲ ಕೊಡಬೇಕಂತೆ. ಹೀಗೇ ಆದರೆ ಮಗು ಉಳಿಯುವುದು ಕಷ್ಟ ಅಂದರು.”

ಗುಲಾಬಿಯ ಹಿಡಿತ ಸಡಿಲವಾಯಿತು. ಅವಳ ಮೊದಲ ಮಗ ಹೂವಪ್ಪ ದಡಾರ ಇಳಿದ ಮೇಲೆ ಹೀಗೆಯೇ ಕೆಮ್ಮಿ ಕೆಮ್ಮಿ ತೀರಿಹೋಗಿದ್ದ.

“ಅವನಿಗೆ ನಾನು ಒಂದು ದಿನವೂ ಪಥ್ಯ ತಪ್ಪಿಸಲಿಲ್ಲ,” ಎಂದಳು ಮೆಲ್ಲಗೆ. “ಮೀನು ಬೇಕು ಅಂತ ಅಳುತ್ತಿದ್ದ.”

ಗುಲಾಬಿ ಬಟ್ಟಲನ್ನು ತನ್ನತ್ತ ಎಳೆದುಕೊಂಡು, ಬಂಗುಡೆಯ ಮುಳ್ಳು ಬಿಡಿಸತೊಡಗಿದಳು.