ನೂರಾ ಹದಿನಾಲ್ಕನೆಯ ಕಡತ

ಈ ಸಲದ ನೆಪ ಬಣ್ಣದ ವಾಸನೆ. ಹೋದ ತಿಂಗಳು ಮಂಡಿನೋವು, ಅದರ ಹಿಂದಿನ ತಿಂಗಳು ನೀರಿನ ಪೈಪು. ಹೊಸ ಮನೆ ಸಿದ್ಧವಾಗಿ ಎಂಟು ತಿಂಗಳಾದರೂ ನಿವೃತ್ತ ಬಸ್ ಡ್ರೈವರ್ ಮತ್ತು ಅವರ ಹೆಂಡತಿ ತಗಡಿನ ಶೆಡ್ಡು ಬಿಟ್ಟು ಕದಲುತ್ತಿರಲಿಲ್ಲ. ನಲವತ್ತು ವರ್ಷ ಡೀಸೆಲ್ ಹೊಗೆ ಕುಡಿದ ಮೂಗಿಗೆ ಬಣ್ಣದ ವಾಸನೆ ಆಗುವುದಿಲ್ಲವಂತೆ!

ಪುನರ್ವಸತಿ ಕೇಂದ್ರದ ಕಾರ್ಯಕರ್ತೆ ಅದನ್ನೂ ಬರೆದುಕೊಂಡಳು. ಕಾಡ್ಗಿಚ್ಚು ಬಂದು ನಾಲ್ಕು ವರ್ಷ. ಅವಳಿಗೆ ಒಪ್ಪಿಸಿದ್ದ ನೂರಾ ಹದಿನಾಲ್ಕು ಕುಟುಂಬಗಳಲ್ಲಿ ನೂರಾ ಹದಿಮೂರು ನೆಲೆ ಕಂಡಿದ್ದವು. ಕಳೆದುಹೋದ ಗುರುತಿನ ಚೀಟಿಯಿಂದ ಹಿಡಿದು ಹೊಸ ಗೋಡೆಯ ಇಟ್ಟಿಗೆಯವರೆಗೆ ಎಲ್ಲರ ಜೊತೆ ಅಲೆದವಳು ಅವಳು. ಮುಗಿಯದೆ ಉಳಿದದ್ದು ಈ ಒಂದು ಕಡತ.

ಈ ದಂಪತಿಯೆಂದರೆ ಅವಳಿಗೆ ಜೀವ. ಬೆಂಕಿಯ ದಿನ ನೆರೆಮನೆಯ ಮುದುಕಿಯನ್ನು ಹೊರಗೆಳೆಯಲು ಹೋಗಿ ಡ್ರೈವರರ ಹೆಂಡತಿಯ ಬಲಗೈ ಬೆಂದುಹೋಗಿತ್ತು. ಇವತ್ತಿಗೂ ಮುಷ್ಟಿ ಕಟ್ಟಲಾಗದು. ವಾರವಾರ ಆಸ್ಪತ್ರೆಗೆ ಕರೆದೊಯ್ದು, ತಾನು ಅಮ್ಮ ಎಂದೇ ಕರೆಯುವ ಆಕೆ ಮತ್ತೆ ಲೋಟ ಹಿಡಿಯುವುದನ್ನು ಕಲಿಯುವವರೆಗೆ ಪಕ್ಕದಲ್ಲಿ ಕೂತವಳು ಇವಳೇ. ಅದಕ್ಕೇ ಸಿಟ್ಟು ಹೆಚ್ಚು.

"ಮುಂದಿನ ತಿಂಗಳು ಶೆಡ್ಡುಗಳನ್ನೆಲ್ಲ ಕಿತ್ತು ಹಾಕ್ತಾರೆ ಯಜಮಾನ್ರೇ. ಆಗೇನ್ಮಾಡ್ತೀರಿ?"

ಡ್ರೈವರ್ ಕನ್ನಡಕ ಒರೆಸುತ್ತ ಬೇರೇನೋ ಕೇಳಿದರು. "ಮೇಡಂ, ಮನೆ ಸುಟ್ಟೋದೋರೆಲ್ಲ ನಿಮ್ಮ ಪಟ್ಟೀಲಿ ಇದ್ದಾರಾ?"

ಅರ್ಹರೆಲ್ಲ ಇದ್ದಾರೆ ಎಂದು ಅವಳು ತುಸು ಹೆಮ್ಮೆಯಿಂದಲೇ ಹೇಳಿದಳು. ಆ ಪಟ್ಟಿಯನ್ನು ಸೋಸಿ ಸೋಸಿ ಮಾಡಿದವಳು ತಾನೇ.

"ಅರ್ಹರು," ಎಂದು ಡ್ರೈವರ್ ಮೆಲ್ಲಗೆ ಹೇಳಿಕೊಂಡು ಹೆಂಡತಿಯ ಮುಖ ನೋಡಿದರು. ಅಮ್ಮ ಚಹಾ ಆರಿಹೋಗುತ್ತದೆಂದು ಮಾತು ತೇಲಿಸಿದರು.

ಕಚೇರಿಯಲ್ಲಿ ಮೇಲ್ವಿಚಾರಕ ನಕ್ಕುಬಿಟ್ಟ. ಮನೆಯನ್ನು ಬಾಡಿಗೆಗೆ ಬಿಟ್ಟಿರುತ್ತಾರೆ, ಇಷ್ಟೂ ಹೊಳೆಯಲಿಲ್ಲವೇ ಎಂದ. ಅವಳು ಅವರ ಪರವಾಗಿ ವಾದಿಸಿದಳು. ವಾದಿಸುತ್ತಲೇ ಒಳಗೊಳಗೆ ಹೌದೇನೋ ಅನ್ನಿಸಿತು.

ಮರುದಿನ ಮಧ್ಯಾಹ್ನ ಯಾರಿಗೂ ಹೇಳದೆ ಹೊಸ ಬೀದಿಗೆ ಹೋದಳು. ಒಂದೇ ಅಚ್ಚಿನ ಎರಡೆರಡು ಕೋಣೆಯ ಮನೆಗಳು. ಖಾಲಿ ಇರಬೇಕಾಗಿದ್ದ ಕೊನೆಯ ಮನೆಯ ಕಿಟಕಿಗೆ ಪರದೆ. ಹಿತ್ತಲ ಹಗ್ಗದ ಮೇಲೆ ಎರಡು ಜೊತೆ ಶಾಲೆಯ ಸಮವಸ್ತ್ರ. ಎಂಟು ತಿಂಗಳು ಎದುರಿಗೆ ಕೂರಿಸಿಕೊಂಡು, ಚಹಾ ಕೊಟ್ಟು, ಕಣ್ಣಿಗೆ ಮಣ್ಣೆರಚಿದರಲ್ಲ! ಅವಳು ಬಾಗಿಲನ್ನು ಜೋರಾಗಿ ಬಡಿದಳು.

ಬಾಗಿಲು ತೆರೆದ ಹೆಂಗಸು ಇವಳ ಕೊರಳಿನ ಗುರುತಿನ ಚೀಟಿ ಕಂಡದ್ದೇ ಬಿಳಿಚಿಕೊಂಡಳು. ಬಾಡಿಗೆ ಎಷ್ಟು ಎಂದರೆ, ಅವರು ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲ ಎಂದಳು. ಮಕ್ಕಳನ್ನು ಕರೆದುಕೊಂಡು ಬಂದು ಇಲ್ಲಿರಿ ಎಂದದ್ದು ಅಮ್ಮನೇ ಅಂತೆ. ಬೇರೆ ಯಾರೂ ತಮಗೆ ಒಂದು ಕೋಣೆಯನ್ನೂ ಕೊಟ್ಟಿರಲಿಲ್ಲವಂತೆ.

ಡ್ರೈವರರ ಸಂಬಂಧಿಕರೇ ಎಂದು ಕೇಳಿದಳು ಕಾರ್ಯಕರ್ತೆ. ಹೆಂಗಸು ಅಲ್ಲವೆಂದು ತಲೆಯಾಡಿಸಿ, ತಮ್ಮ ಮನೆಯೂ ಅದೇ ಬೆಂಕಿಯಲ್ಲಿ ಹೋಯಿತು ಎಂದಳು.

"ಹಾಗಿದ್ರೆ ನನ್ನ ಹತ್ರ ಯಾಕೆ ಅರ್ಜಿ ಹಾಕ್ಲಿಲ್ಲ?"

"ಹಾಕಿದ್ದೆ ಮೇಡಂ, ನೀವೇ ವಾಪಸ್ ಕಳಿಸಿದ್ರಿ. ಅವತ್ತು ಕಾಡಿನಂಚಲ್ಲಿ ಗೇಟಿಗೆ ವೆಲ್ಡಿಂಗ್ ಮಾಡುವಾಗ ಕಿಡಿ ಹಾರಿ ಬೆಂಕಿ ಹತ್ಕೊಳ್ತಲ್ಲ, ಮಾಡ್ತಿದ್ದೋರು ನನ್ನ ಗಂಡ."