ಕತ್ತೆಕಿರುಬ ಯಾವ ಗುಂಪಿನದು?

ಬಾಯಿ ಬಿಡಲೋ, ಸುಮ್ಮನಿರಲೋ? ಕತ್ತೆಕಿರುಬ ಬೆಕ್ಕಿನ ಗುಂಪಿನದು ಎಂದು ವಿದ್ಯಾರ್ಥಿನಿ ಕೊಟ್ಟ ಉತ್ತರ ಸರಿಯೆಂದು ಉಪನ್ಯಾಸಕ ಗುರುಪಾದನಿಗೆ ಗೊತ್ತಿತ್ತು. ಆದರೆ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವನ ಗುರುಗಳು. ಅವನ ನೌಕರಿ ಕಾಯಂ ಆಗಲು ಅವರ ಶಿಫಾರಸು ಬೇಕಿತ್ತು.

"ನಾಯಿ ಗುಂಪಿಂದು, ತಂಗಿ," ಎಂದರು ಗುರುಗಳು, ಮೇಜಿನ ಮೇಲಿನ ಕತ್ತೆಕಿರುಬದ ಬುರುಡೆ ತಟ್ಟುತ್ತ. "ಮಾರಿ ನೋಡಿದ್ರ ತಿಳಿಯೂದಿಲ್ಲೇನು? ನಲವತ್ತು ವರ್ಷ ಕಲಿಸೀನಿ."

ಆಮೇಲೆ ಅವನತ್ತ ತಿರುಗಿದರು. "ನೀನ ಹಿಂಗ ಕಲಿಸೀಯೇನೋ?"

ಗುರುಪಾದ ನೀರು ಕುಡಿದ. ಹುಡುಗಿ ಅವನನ್ನೊಮ್ಮೆ ನೋಡಿದಳು.

"ಇಲ್ರೀ ಸರ," ಎಂದಳು. "ಇವರು ನಾಯಿ ಗುಂಪು ಅಂತನ ಹೇಳ್ಯಾರ. ನಾನ ತಪ್ಪು ಬರಕೊಂಡೀನಿ."

"ಹಂಗನ್ನು," ಎಂದು ಗುರುಗಳು ಸೊನ್ನೆ ಹಾಕಿದರು.

ಬೆಕ್ಕಿನ ಗುಂಪು ಎಂದು ಕಲಿಸಿದವನು ತಾನೇ ಎಂಬುದನ್ನು ಗುರುಪಾದ ಹೇಳಲೇ ಇಲ್ಲ.